ನಲುವತ್ತೊಂದನೇ ನಂಬರಿನ ರಕ್ತ

ಮೂವತ್ತೆರಡು ವರ್ಷ ಡ್ರಿಲ್ ಮಾಸ್ಟರಾಗಿದ್ದ ನನಗೆ ಟೋಪಿ ಹಾಕುವುದು ಅಷ್ಟು ಸುಲಭವಲ್ಲ ಎಂದು ನಾನು ನಂಬಿಕೊಂಡಿದ್ದೆ. ಹೊಟ್ಟೆನೋವೆಂದು ಹೇಳಿ ಆಟದ ಪೀರಿಯಡ್ ತಪ್ಪಿಸುವ ಹುಡುಗರನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ. ಅಂಥ ನನ್ನನ್ನು ಅರುವತ್ತು ವರ್ಷದ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಮೂವತ್ತಾರು ದಿನ, ನನ್ನ ಕಣ್ಣೆದುರೇ ಏಮಾರಿಸಿದರು. ಅವರ ಹೆಸರು ಬೀಫಾತಿಮಾ. ಆಗ ಬಂದ ಸಿಟ್ಟಿಗೆ ಎರಡು ದಿನ ಊಟ ಸೇರಿರಲಿಲ್ಲ. ಈಗ ಯಾರಾದರೂ ನಿಮ್ಮ ಅತ್ಯುತ್ತಮ ಶಿಷ್ಯ ಯಾರು ಎಂದು ಕೇಳಿದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ.

೨೦೦೭ರ ಕೊನೆಯಲ್ಲಿ ನಾನು ನಿವೃತ್ತನಾಗಿ, ಬೆಳುವಾಯಿಯ ಮನೆಯಲ್ಲಿ ಹೆಂಡತಿಯ ಅಡುಗೆಗೆ ತಪ್ಪು ಹುಡುಕುತ್ತಾ ಕುಳಿತಿದ್ದಾಗ ಸುರಕ್ಷಾ ಬಂದಳು. ಮೂಡುಬಿದಿರೆಯ ಹುಡುಗಿ, ಹೈಸ್ಕೂಲಿನಲ್ಲಿ ನನ್ನ ಕೈಕೆಳಗೆ ನಾನೂರು ಮೀಟರ್ ಓಡಿದವಳು. ಈಗ ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರು.

“ಸರ್, ನಿಮ್ಮ ವಿಸಿಲ್ ಇನ್ನೂ ಉಂಟಾ?” ಎಂದು ಕೇಳಿದಳು. “ನನಗೆ ಮೂರು ತಿಂಗಳಿಗೆ ಬೇಕಿತ್ತು. ನಿಮ್ಮನ್ನೂ ಸೇರಿಸಿ.”

ಅವಳು ವಿವರಿಸಿದ್ದು ಹೀಗೆ. ನಮ್ಮ ರಕ್ತದಲ್ಲಿ ಕ್ಲೋಥೋ ಎಂಬ ಪ್ರೊಟೀನು ಇದೆ. ಹೆಚ್ಚಾಗಿ ಮೂತ್ರಪಿಂಡದಲ್ಲಿ ಹುಟ್ಟಿ ರಕ್ತಕ್ಕೆ ಸೇರುತ್ತದೆ. ಹತ್ತು ವರ್ಷಗಳ ಹಿಂದೆ ಜಪಾನಿನವರು ಇಲಿಗಳಲ್ಲಿ ಅದನ್ನು ಕಂಡುಕೊಂಡರು. ಅದಿಲ್ಲದ ಇಲಿ ಬೇಗ ಮುದಿಯಾಗುತ್ತದೆ, ಅದು ಹೆಚ್ಚಿರುವ ಇಲಿ ಹೆಚ್ಚು ಕಾಲ ಬದುಕುತ್ತದೆ. ಮನುಷ್ಯರಲ್ಲಿ ವಯಸ್ಸು ಏರಿದಂತೆ ಅದು ಇಳಿಯುತ್ತದೆ. ದಿನವಿಡೀ ಕುಳಿತೇ ಇರುವವರಿಗೆ ಕ್ರಮ ತಪ್ಪದೆ ವ್ಯಾಯಾಮ ಮಾಡಿಸಿದರೆ ಅದು ಮತ್ತೆ ಏರುತ್ತದೆಯೇ ಎಂದು ಅವಳಿಗೆ ನೋಡಬೇಕಿತ್ತು.

“ದಿನವಿಡೀ ಕೂತುಕೊಳ್ಳುವವರು ಅಂದ್ರೆ ಯಾರು ಮಾರಾಯ್ತಿ, ನನ್ನ ಹಾಗೆ ಪೆನ್ಶನ್‌ದಾರರಾ?”

“ಬೀಡಿ ಕಟ್ಟುವ ಹೆಂಗಸರು ಸರ್. ವಾಮದಪದವಿನಲ್ಲಿ.”

ಐವತ್ತೈದು ದಾಟಿದ ಅರುವತ್ತು ಮಂದಿ ಒಪ್ಪಿದರು. ಪಂಚಾಯತ್ ಹಾಲಿನಲ್ಲಿ ಎಲ್ಲರ ರಕ್ತ ತೆಗೆದು, ಎಲ್ಲರಿಗೂ ನಂಬರಿನ ಕಾರ್ಡು ಕೊಟ್ಟು, ಚೀಟಿ ಎತ್ತಿಸಿದರು. ಮೂವತ್ತು ಮಂದಿ ನಡೆಯುವ ಗುಂಪು. ಹನ್ನೆರಡು ವಾರ, ವಾರಕ್ಕೆ ಮೂರು ಬೆಳಿಗ್ಗೆ, ಶಾಲೆಯ ಮೈದಾನದಲ್ಲಿ ನನ್ನ ವಿಸಿಲಿಗೆ ವ್ಯಾಯಾಮ. ಉಳಿದ ಮೂವತ್ತು ಕೂರುವ ಗುಂಪು. ಅವರು ಎಂದಿನಂತೆ ಇರಬೇಕು, ಅವರ ಸರದಿ ಮಳೆಗಾಲ ಕಳೆದ ಮೇಲೆ. ಕೊನೆಗೆ ಇನ್ನೊಮ್ಮೆ ರಕ್ತ ತೆಗೆದು ಹೋಲಿಸುವುದು. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಕೂಡದು, ನಂಬರು ಮಾತ್ರ ಎಂದು ಸುರಕ್ಷಾ ಕಟ್ಟುನಿಟ್ಟಾಗಿ ಹೇಳಿದ್ದಳು.

ಕ್ಲೋಥೋ ಅಂದರೆ ಗ್ರೀಕರ ಕಥೆಗಳಲ್ಲಿ ಆಯುಷ್ಯದ ನೂಲು ನೂಲುವವಳು ಎಂದೂ ಅವಳು ಆ ಹೆಂಗಸರಿಗೆ ಹೇಳಿದಳು. ಹಿಂದಿನ ಸಾಲಿನಿಂದ ಯಾರೋ, “ಬೀಡಿ ಬ್ರಾಂಚಿನವರು ಕಟ್ಟಲಿಕ್ಕೆ ಕೊಡುವ ನೂಲಿಗಿಂತ ಗಟ್ಟಿ ಇದ್ರೆ ಸಾಕಪ್ಪ” ಎಂದರು. ಹಾಲಿಡೀ ನಕ್ಕಿತು. ಹಾಗೆ ಹೇಳಿದವರು ಬೀಫಾತಿಮಾ ಎಂದು ನನಗೆ ಆಮೇಲೆ ಗೊತ್ತಾಯಿತು.

ಅವರ ಬದುಕಿನ ಕಥೆಯೂ ನನಗೆ ಆಮೇಲೆ ತಿಳಿದದ್ದೇ. ಹುಟ್ಟಿದ್ದು ಚಾರ್ಮಾಡಿ ಘಾಟಿಯ ಬುಡದ ಕಕ್ಕಿಂಜೆಯಲ್ಲಿ. ಗುಡ್ಡ ಹತ್ತಿಳಿದು ಬೆಳೆದವರು. ಮದುವೆಯಾಗಿ ವಾಮದಪದವಿಗೆ ಬಂದರು. ಗಂಡ ಹಾಜಬ್ಬ ಸೈಕಲಿನಲ್ಲಿ ಒಣಮೀನು ಮಾರುತ್ತಿದ್ದರು, ೧೯೮೪ರಲ್ಲಿ ತೀರಿಕೊಂಡರು. ಆಮೇಲೆ ಮಗ ನಿಝಾರನನ್ನೂ ಮಗಳು ಫರ್ಹಾನಳನ್ನೂ ಬೀಡಿ ಕಟ್ಟಿಯೇ ದಡ ಸೇರಿಸಿದರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪು, ಚಾಚಿದ ಕಾಲು. ಬೆಳಿಗ್ಗೆ ಕುಳಿತರೆ ಮಧ್ಯಾಹ್ನ ಉಣ್ಣಲು ಏಳುವುದು, ಮತ್ತೆ ಕುಳಿತರೆ ಸಂಜೆಯ ಮಗ್ರಿಬ್ ಬಾಂಗಿಗೆ ಏಳುವುದು. ನಿಝಾರ್ ಸೌದಿಯ ದಮಾಮಿಗೆ ಕೆಲಸಕ್ಕೆ ಹೋಗಿ, ಬೀಡಿ ಸಾಕು ಉಮ್ಮ ಎಂದು ಹೇಳಿದ ಮೇಲೂ ಅವರು ಮೊರ ಕೆಳಗಿಡಲಿಲ್ಲ. ಗುಡ್ಡ ಹತ್ತುತ್ತಿದ್ದ ಕಾಲು ಮಾತ್ರ ಅಷ್ಟರೊಳಗೆ ಗೋಡೆ ಹಿಡಿಯದೆ ಏಳಲಾರದ ಸ್ಥಿತಿಗೆ ಬಂದಿತ್ತು. ೨೦೦೬ರ ಮಳೆಗಾಲದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಮಣಿಕಟ್ಟು ಮುರಿಯಿತು. ಮನೆಯಿಂದ ಹೊರಗೆ ಕಾಲಿಡಬೇಡಿ ಎಂದು ನಿಝಾರ್ ಫೋನಿನಲ್ಲೇ ಆಣೆ ಹಾಕಿಸಿಕೊಂಡ.

ಅವರಿಗೆ ಇದ್ದದ್ದು ಒಂದೇ ಆಸೆ, ಹಜ್ಜ್. ಕರೆದುಕೊಂಡು ಹೋಗಲು ಮಗನಿಗೂ ಮನಸ್ಸಿತ್ತು. ಆದರೆ ಉಮ್ಮನ ಕಾಲು ನೋಡಿ ಅವನು ಬೇರೆ ದಾರಿ ಯೋಚಿಸಿದ್ದ. ತಾವೇ ಹೋಗಲು ಎಂದಿಗೂ ಆಗದವರ ಪರವಾಗಿ ಇನ್ನೊಬ್ಬರು ಹಜ್ಜ್ ಮಾಡಬಹುದು. ಅದಕ್ಕೆ ಬದಲ್ ಹಜ್ಜ್ ಎನ್ನುತ್ತಾರೆ. ಮಕ್ಕಾದಲ್ಲಿ ಕೆಲಸಕ್ಕಿದ್ದ ಅಬ್ದುಲ್ಲ ಎಂಬ ಪರಿಚಯದವನು ಮಾಡಿಕೊಡಲು ಒಪ್ಪಿದ್ದ. ಮಗ ಪ್ರೀತಿಯಿಂದಲೇ ಮಾಡಿದ ಏರ್ಪಾಡು ಅದು. ಆದರೆ ಆ ಸುದ್ದಿ ಕೇಳಿದ ದಿನ ಬೀಫಾತಿಮಾ ಒಂದೇ ಒಂದು ಬೀಡಿ ಕಟ್ಟಲಿಲ್ಲವಂತೆ. ಕಾಲು ಮತ್ತೆ ಬಂದರೆ ಬದಲ್ ಬೇಕಾಗಿಲ್ಲ ಎಂದು ಮಸೀದಿಯ ಉಸ್ತಾದರು ಹೇಳಿದ ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು.

ಡಾಕ್ಟರಮ್ಮ ವ್ಯಾಯಾಮ ಕಲಿಸುತ್ತಾರಂತೆ ಎಂದು ಕೇಳಿ ಅವರು ಪಂಚಾಯತ್ ಹಾಲಿಗೆ ಹೋದದ್ದು ಅದಕ್ಕಾಗಿಯೇ. ಚೀಟಿ ಎತ್ತಿದರೆ ಬಂದದ್ದು ಕೂರುವ ಗುಂಪು. ಅವರ ನಂಬರು ನಲುವತ್ತೊಂದು. ಪಕ್ಕದ ಮನೆಯ ಮೈಮೂನಮ್ಮನಿಗೆ ಹದಿನೇಳು, ನಡೆಯುವ ಗುಂಪು. ಮೈಮೂನಮ್ಮನಿಗೆ ಬೆಳಿಗ್ಗೆ ಮೊಮ್ಮಗಳು ಹನಾಳನ್ನು ಶಾಲೆಗೆ ಹೊರಡಿಸಬೇಕು, ನೀರು ಸೇದಬೇಕು. ನಡೆಯಲು ಪುರುಸೊತ್ತೂ ಇಲ್ಲ, ಇಷ್ಟವೂ ಇಲ್ಲ.

ಇಲ್ಲಿ ಬೀಡಿಯವರ ಒಂದು ಪದ್ಧತಿ ಹೇಳಬೇಕು. ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಂಪನಿಯ ಬ್ರಾಂಚಿನ ಕಾರ್ಡು ಎಲ್ಲರಿಗೂ ಸಿಗುವುದಿಲ್ಲ. ಕಾರ್ಡಿಲ್ಲದವರು ನೆರೆಮನೆಯವರ ಕಾರ್ಡಿನಲ್ಲಿ ಕಟ್ಟುತ್ತಾರೆ. ಬೀಡಿ ಇವರದ್ದು, ಬರೆಯುವುದು ಅವರ ಹೆಸರಿಗೆ. ಅದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ. ಮೈಮೂನಮ್ಮ ಇಪ್ಪತ್ತು ವರ್ಷದಿಂದ ಬೀಫಾತಿಮಾರ ಕಾರ್ಡಿನಲ್ಲೇ ಕಟ್ಟುತ್ತಿದ್ದವರು.

“ನಿನ್ನ ಕಾರ್ಡಿನಲ್ಲಿ ನಾನು ಇಷ್ಟು ವರ್ಷ ಕಟ್ಟಲಿಲ್ವಾ? ನನ್ನ ಕಾರ್ಡಿನಲ್ಲಿ ನೀನು ಮೂರು ತಿಂಗಳು ನಡಿ” ಎಂದರಂತೆ ಮೈಮೂನಮ್ಮ. ಅಲ್ಲಿಗೆ ತೀರ್ಮಾನವಾಯಿತು. ವಿಜ್ಞಾನದ ಕಥೆ ಕೆಟ್ಟುಹೋಯಿತು ಎಂದು ಇಬ್ಬರಿಗೂ ಕನಸಿನಲ್ಲೂ ಹೊಳೆದಿರಲಿಲ್ಲ.

ಹೀಗೆ ೨೦೦೮ರ ಜನವರಿಯ ಒಂದು ಸೋಮವಾರ ನಾನು “ಹದಿನೇಳು” ಎಂದು ಕೂಗಿದಾಗ, “ಹಾಜರ್” ಎಂದವರು ಬೀಫಾತಿಮಾ.

ಮೊದಲ ದಿನ ಅರ್ಧ ಸುತ್ತಿಗೇ ಅವರು ಮೈದಾನದ ಬದಿಯ ಗೇರುಮರ ಹಿಡಿದು ನಿಂತರು. ಬೆಂಚಿನಿಂದ ಕೈಯೂರದೆ ಎದ್ದು ಕೂರಿ ಎಂದರೆ ಏಳಲೇ ಆಗಲಿಲ್ಲ. ಇವರು ವಾರದೊಳಗೆ ಬಿಟ್ಟುಹೋಗುತ್ತಾರೆ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಬುಧವಾರ ಬಂದರು, ಶುಕ್ರವಾರವೂ ಬಂದರು. ಎರಡನೇ ವಾರ ಮೂರು ಸಲ ಬೆಂಚಿನಿಂದ ಎದ್ದರು, ನಾಲ್ಕನೆಯ ಸಲ ಧೊಪ್ಪನೆ ಕುಳಿತು ನಕ್ಕರು. ನಾನು ಹುಡುಗರನ್ನು ಬೈದ ಹಾಗೆಯೇ ಬೈಯುತ್ತಿದ್ದೆ.

“ಹದಿನೇಳು, ಇದು ಮದುವೆಗೆ ಹೋಗುವ ನಡಿಗೆಯಾ? ಕಾಲು ಎತ್ತಿ!”

“ಎತ್ತುತ್ತೇನೆ ಮಾಷ್ಟ್ರೆ, ನಿಮ್ಮ ಗಂಟಲು ಹರಿದುಕೊಳ್ಬೇಡಿ” ಎಂದು ಅವರು ಅಲ್ಲಿಂದಲೇ ಕೂಗುವರು.

ಆರನೇ ವಾರಕ್ಕೆ ಅವರು ನಾಲ್ಕು ಸುತ್ತು ಬಂದರು. ಶಾಲೆಯ ಮೆಟ್ಟಿಲು ಹತ್ತಿ ಇಳಿಯುವುದು, ಮರಳು ತುಂಬಿದ ಬಾಟಲಿ ಎತ್ತುವುದು, ಯಾವುದನ್ನೂ ಬಿಡಲಿಲ್ಲ. ಹತ್ತನೇ ವಾರದಲ್ಲಿ ಒಂದು ದಿನ ನನ್ನ ಹತ್ತಿರ ಬಂದು, ಈ ಮೈದಾನದ ಸುತ್ತು ಎಷ್ಟು ಮೀಟರ್ ಎಂದು ಕೇಳಿದರು. ಇನ್ನೂರು, ನಾನೇ ಟೇಪು ಹಿಡಿದು ಅಳೆದದ್ದು ಎಂದೆ. ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆ ದಿನ ವಿಸಿಲ್ ಊದಿದ ಮೇಲೂ ನಡೆಯುತ್ತಲೇ ಇದ್ದರು. ಮೂವತ್ತಾರು ದಿನದಲ್ಲಿ ಒಂದು ದಿನವೂ ತಪ್ಪಿಸದವರು ಹದಿನೇಳು ನಂಬರಿನವರು ಮಾತ್ರ. ನನ್ನ ಪುಸ್ತಕದಲ್ಲಿ ಅವರ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ.

ಏಪ್ರಿಲಿನಲ್ಲಿ ನರ್ಸುಗಳು ಬಂದು ಪಂಚಾಯತ್ ಹಾಲಿನಲ್ಲಿ ಎರಡನೇ ಸಲ ರಕ್ತ ತೆಗೆದರು. ಅಲ್ಲಿ ನನಗೆ ಕೆಲಸವಿರಲಿಲ್ಲ, ಹೋಗಲಿಲ್ಲ. ಗೆಳತಿಯರು ಅಂದು ತಂತಮ್ಮ ಕಾರ್ಡು ಹಿಡಿದು ಹೋಗಿ ತಂತಮ್ಮ ರಕ್ತ ಕೊಟ್ಟು ಬಂದರು. ನಡಿಗೆ ಯಾರ ಹೆಸರಿಗೆ ಬರೆದರೂ ನಡೆಯುತ್ತದೆ, ರಕ್ತ ಮಾತ್ರ ಅವರವರದ್ದೇ ಕೊಡಬೇಕು ಎಂಬುದು ಅವರ ಪ್ರಾಮಾಣಿಕತೆ.

ಆಗಸ್ಟಿನಲ್ಲಿ ಸುರಕ್ಷಾ ಮಳೆಯಲ್ಲೇ ಬೆಳುವಾಯಿಗೆ ಬಂದಳು. ಹೊರದೇಶದ ಲ್ಯಾಬಿನಿಂದ ಅಂಕೆಗಳು ಬಂದಿದ್ದವು. ನಡೆದವರಲ್ಲಿ ಸರಾಸರಿ ಏರಿದೆ, ಕುಳಿತವರಲ್ಲಿ ಏರಿಲ್ಲ. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಅವಳ ಮುಖದಲ್ಲಿ ಮಾತ್ರ ಪೂರ್ತಿ ಖುಷಿ ಇರಲಿಲ್ಲ.

“ಸರ್, ನಿಮ್ಮ ಹಾಜರಿ ಪುಸ್ತಕ ಸರಿ ಉಂಟಾ? ಬೇಜಾರು ಮಾಡ್ಬೇಡಿ. ಹದಿನೇಳು ಒಂದು ದಿನವೂ ತಪ್ಪಿಸಲಿಲ್ಲ ಅಂತ ಬರೆದಿದ್ದೀರಿ. ಅವರದ್ದು ಇಳಿದಿದೆ. ಅರುವತ್ತು ಜನರಲ್ಲಿ ಅತಿ ಹೆಚ್ಚು ಏರಿದ್ದು ನಲುವತ್ತೊಂದು. ಐನೂರ ಇಪ್ಪತ್ತು ಇದ್ದದ್ದು ಏಳುನೂರ ಹತ್ತು. ಅವರು ಕೂರುವ ಗುಂಪಿನವರು.”

ನನ್ನ ಹಾಜರಿ ಪುಸ್ತಕವನ್ನು ಶಾಲಾ ಇನ್ಸ್‌ಪೆಕ್ಟರರೂ ಪ್ರಶ್ನಿಸಿದ್ದಿಲ್ಲ. “ಯಾರದು ಆ ನಲುವತ್ತೊಂದು? ಕೂತಲ್ಲೇ ಏರಿಸಿದ ಆ ಮಹಾತಾಯಿಯನ್ನು ನಾನು ನೋಡಬೇಕು, ಈಗಲೇ ಹೋಗುವ” ಎಂದೆ. ಅವಳ ಕಾರಿನಲ್ಲೇ ಹೊರಟೆವು.

ವಾಮದಪದವಿನಲ್ಲಿ ವಿಳಾಸ ಕೇಳಿಕೊಂಡು ಹೋಗಿ ಬಾಗಿಲು ತಟ್ಟಿದೆವು. ಬಾಗಿಲು ತೆರೆದವರು ನನ್ನ ಹದಿನೇಳು.

“ನೀವೆಂತ ಇಲ್ಲಿ?” ಎಂದೆ ನಾನು.

“ನನ್ನ ಮನೆ ಮಾಷ್ಟ್ರೆ” ಎಂದರು ಅವರು. ಹಿಂದೆ ನಿಂತಿದ್ದ ಸುರಕ್ಷಾಳನ್ನು ನೋಡಿದ್ದೇ ಅವರ ಮುಖದ ಬಣ್ಣ ಹೋಯಿತು.

ಒಳಗೆ ನಿಝಾರ್ ಕುಳಿತಿದ್ದ. ಹದಿನೈದು ದಿನದ ರಜೆಯಲ್ಲಿ ಬಂದಿದ್ದ. ಆ ವರ್ಷ ಅವನು ಹೋಗಲಿದ್ದ ಹಜ್ಜ್ ತಂಡಕ್ಕೆ ಆ ಶುಕ್ರವಾರದೊಳಗೆ ಹೆಸರು ಕೊಡಬೇಕಿತ್ತು. ಅವನು ತನ್ನೊಬ್ಬನ ಹೆಸರು ಕೊಡುವವನಿದ್ದ. ಅಬ್ದುಲ್ಲನ ಫೋನ್ ನಂಬರು ಬರೆದ ಚೀಟಿ ಟೀಪಾಯಿ ಮೇಲಿತ್ತು. ಉಮ್ಮ ಮೈದಾನದಲ್ಲಿ ನಡೆದದ್ದು ಅವನಿಗೆ ಗೊತ್ತೇ ಇರಲಿಲ್ಲ. ಆಣೆ ಮುರಿದದ್ದನ್ನು ಮಗನಿಗೆ ಹೇಗೆ ಹೇಳುವುದೆಂದು ಬೀಫಾತಿಮಾ ಹದಿನಾಲ್ಕು ದಿನ ಬಾಯಿ ಬಿಡದೆ ಇದ್ದರು.

ನಾನು ಅದ್ಯಾವುದನ್ನೂ ತಿಳಿಯದೆ ಹಾರಾಡಿದೆ. ಮೂವತ್ತಾರು ದಿನ ಸುಳ್ಳು ಹಾಜರಿ ಕೊಟ್ಟಿರಿ, ನನ್ನ ಮರ್ಯಾದೆ ತೆಗೆದಿರಿ, ಈ ಹುಡುಗಿಯ ಇಡೀ ವರ್ಷದ ಕೆಲಸ ನೀರಿಗೆ ಹಾಕಿದಿರಿ ಎಂದೆ. ಗದ್ದಲ ಕೇಳಿ ಮೈಮೂನಮ್ಮ ಓಡಿ ಬಂದರು. ಬಂದವರೇ ಕಾರ್ಡಿನ ಸಂಗತಿಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ಮೈದಾನಕ್ಕೆ ಬರುತ್ತಿದ್ದ ಉಳಿದ ಇಪ್ಪತ್ತೊಂಬತ್ತು ಹೆಂಗಸರಿಗೂ ಇದು ಗೊತ್ತಿತ್ತಂತೆ. ಗೊತ್ತಿಲ್ಲದವನು ನಾನೊಬ್ಬನೇ.

ಸುರಕ್ಷಾ ಹಣೆ ಹಿಡಿದುಕೊಂಡು ನಕ್ಕಳು. ನಲುವತ್ತೊಂದು ಏರಿದ್ದೂ ಹದಿನೇಳು ಇಳಿದದ್ದೂ ಯಾಕೆಂದು ಈಗ ಗೊತ್ತಾಯಿತು ಎಂದಳು. ನಗುತ್ತಲೇ, “ಈ ಎರಡು ನಂಬರನ್ನೂ ನಾನು ಲೆಕ್ಕದಿಂದ ಬಿಡಲೇಬೇಕು. ಯಾಕೆ ಬಿಟ್ಟೆ ಅಂತಲೂ ಬರೀತೇನೆ” ಎಂದಳು.

“ಅಂದ್ರೆ ನಾನು ನಡೆದದ್ದು ಇಲ್ಲ ಅಂತ ಆಯ್ತಾ?” ಎಂದು ಕೇಳಿದರು ಬೀಫಾತಿಮಾ.

“ನನ್ನ ಪುಸ್ತಕದಲ್ಲಿ ಇಲ್ಲ ಅಷ್ಟೆ. ನಿಮ್ಮ ರಕ್ತದಲ್ಲಿ ಉಂಟು. ಒಬ್ಬರ ರಕ್ತ ನೋಡಿ ವಿಜ್ಞಾನ ಏನೂ ಹೇಳ್ಲಿಕ್ಕೆ ಆಗುದಿಲ್ಲ, ಬೇರೆ ಕಾರಣವೂ ಇರಬಹುದು. ಆದ್ರೆ ನಡೆದ ಉಳಿದವರಲ್ಲೂ ಏರಿದೆ.”

ಮೈಮೂನಮ್ಮ ಮೆಲ್ಲಗೆ, “ನನ್ನದು ಇಳಿದಿದೆ ಅಂದ್ರಲ್ಲ ಡಾಕ್ಟ್ರೆ. ಹಾಜರಿ ಪೂರಾ ನನ್ನ ಹೆಸರಿಗೇ ಉಂಟಲ್ಲ?” ಎಂದರು. ಕೇಳಿ ಮುಗಿಸುವಷ್ಟರಲ್ಲಿ ಅವರಿಗೇ ಅರ್ಥವಾಯಿತು. “ಮುಂದಿನ ತಂಡಕ್ಕೆ ನಾನೇ ಬರ್ತೇನೆ” ಎಂದರು.

ನಿಝಾರ್ ಎದ್ದು ನಿಂತ. “ಉಮ್ಮ, ರಕ್ತದಲ್ಲಿ ಅಂಕೆ ಏರಿದ್ರೆ ಸಾಕಾ? ಅಲ್ಲಿಯ ಜನ, ಅಲ್ಲಿಯ ಬಿಸಿಲು ನಾನು ನೋಡಿದವ. ನೀವು ಅಲ್ಲಿ ಬಿದ್ರೆ ನಾನು ಎಂತ ಮಾಡ್ಲಿ? ಅಬ್ದುಲ್ಲ ಮಾಡ್ತಾನೆ. ನೀವು ಮನೆಯಲ್ಲಿ ಕೂತು ದುವಾ ಮಾಡಿ.”

“ಕೂತು ಕೂತೇ ನನಗೆ ಹೀಗಾದದ್ದು” ಎಂದರು ಬೀಫಾತಿಮಾ. ಕಣ್ಣಿನಲ್ಲಿ ನೀರು ಬಂತು. “ನನಗೆ ಹೋಗ್ಬೇಕು ನಿಝಾರ್. ನನ್ನ ಕಾಲಲ್ಲೇ ಹೋಗ್ಬೇಕು. ಕಾಲು ಬಂದಿದೆ ಅಂತ ಹೇಳಿದ್ರೆ ನೀನು ನಂಬುದಿಲ್ಲ. ನಾನು ಹೇಗೆ ತೋರಿಸ್ಲಿ?”

ಆ ಮಾತಿಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹಾಜರಿ ಯಾರ ಹೆಸರಿನಲ್ಲಾದರೂ ಇರಲಿ, ಆ ಕಾಲಿಗೆ ಬಲ ಬಂದದ್ದನ್ನು ದಿನದಿನವೂ ಕಂಡವನು ನಾನು. ಅಂಥ ಶಿಷ್ಯೆಯನ್ನು ಮನೆಯಲ್ಲಿ ಕೂರಿಸುವುದೆಂದರೆ ನನ್ನಿಂದ ಸಹಿಸಲಾಗಲಿಲ್ಲ.

“ಹಜ್ಜಿನಲ್ಲಿ ಸಫಾ ಮರ್ವಾ ಗುಡ್ಡಗಳ ಮಧ್ಯೆ ಏಳು ಸಲ ನಡೆಯಬೇಕಲ್ಲ, ಒಟ್ಟು ಎಷ್ಟಾಗ್ತದೆ?” ಎಂದು ನಿಝಾರನನ್ನು ಕೇಳಿದೆ.

ಉತ್ತರ ಬೀಫಾತಿಮಾರಿಂದ ಬಂತು. “ಮೂರೂವರೆ ಕಿಲೋಮೀಟರಿನ ಒಳಗೆ ಮಾಷ್ಟ್ರೆ. ನಿಮ್ಮ ಮೈದಾನಕ್ಕೆ ಹದಿನೆಂಟು ಸುತ್ತು. ನಾನು ಆಗಲೇ ಲೆಕ್ಕ ಹಾಕಿದ್ದೇನೆ.”

“ಹಾಗಾದ್ರೆ ನಾಳೆ ಬೆಳಿಗ್ಗೆ ಹದಿನೆಂಟು ಸುತ್ತು. ನಿಝಾರ್, ನೀವೂ ಪಕ್ಕದಲ್ಲೇ ನಡೀರಿ. ಬಿದ್ರೆ ಹಿಡೀಲಿಕ್ಕೆ ಆಯ್ತು. ಇವರು ಮಧ್ಯೆ ಒಂದು ಕಡೆ ನಿಂತರೂ ಬದಲ್ ಹಜ್ಜೇ ಆಗ್ಲಿ.”

ನಿಝಾರ್ ಉಮ್ಮನ ಮುಖ ನೋಡಿ, ಆಯ್ತು ಎಂದ.

ಮರುದಿನ ಮಳೆ ಬಿಟ್ಟಿತ್ತು. ಮೈದಾನದ ಕೆಂಪು ಮಣ್ಣು ಒದ್ದೆಯಾಗಿದ್ದರೂ ಜಾರುತ್ತಿರಲಿಲ್ಲ. ನಾನು ಮೊದಲೇ ಹೋಗಿ ಒಂದು ಸುತ್ತು ನಡೆದು ನೋಡಿದ್ದೆ. ಸುದ್ದಿ ಹಬ್ಬಿ ನನ್ನ ತಂಡದ ಹೆಂಗಸರೆಲ್ಲ ಬಂದು ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಂತಿದ್ದರು. ಸುರಕ್ಷಾ ಬಿ.ಪಿ. ನೋಡುವ ಯಂತ್ರ ಹಿಡಿದು ಕುಳಿತಳು. ನಾನು ವಿಸಿಲ್ ಊದಿದೆ.

ಮೊದಲ ಐದು ಸುತ್ತು ನಿಝಾರ್ ಉಮ್ಮನ ಮೊಣಕೈ ಹಿಡಿದುಕೊಂಡೇ ನಡೆದ. ಆರನೆಯ ಸುತ್ತಿಗೆ ಬೀಫಾತಿಮಾ ಕೈ ಬಿಡಿಸಿಕೊಂಡರು. ಎಂಟಕ್ಕೆ ನಿಝಾರ್ ಅಂಗಿಯ ಗುಂಡಿ ಬಿಚ್ಚಿದ. ಮೂವತ್ತೆಂಟರ ಪ್ರಾಯ, ದಮಾಮಿನಲ್ಲಿ ಅಂಗಡಿಗೂ ಮಸೀದಿಗೂ ಕಾರಿನಲ್ಲೇ ಹೋಗಿ ಹೊಟ್ಟೆ ಬಂದಿತ್ತು. ಹನ್ನೊಂದನೆಯ ಸುತ್ತಿಗೆ ಅವನು ಗೇರುಮರ ಹಿಡಿದು ನಿಂತ. ಉಮ್ಮ ನಿಲ್ಲಲಿಲ್ಲ.

“ನೀನು ಕೂತುಕೋ ಮಗಾ, ನಾನು ಬರ್ತೇನೆ” ಎಂದು ಹೇಳಿ ಮುಂದೆ ಹೋದರು.

ಹದಿನಾಲ್ಕನೆಯ ಸುತ್ತಿನಲ್ಲಿ ಅವರ ಹೆಜ್ಜೆ ಸಣ್ಣದಾಯಿತು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಒಬ್ಬ ಹುಡುಗ ಜಿಲ್ಲಾ ಮಟ್ಟದಲ್ಲಿ ಓಡುವಾಗಲೂ ನಾನು ಅಷ್ಟು ಹೆದರಿರಲಿಲ್ಲ. ನಾನು ಅಭ್ಯಾಸಬಲದಿಂದ “ಹದಿನೇಳು, ಕಾಲು ಎತ್ತಿ!” ಎಂದು ಕೂಗಿಬಿಟ್ಟೆ.

“ನಾನು ನಲುವತ್ತೊಂದು ಮಾಷ್ಟ್ರೆ!” ಎಂದು ಅವರು ಅಲ್ಲಿಂದಲೇ ಕೂಗಿದರು. ಹೆಂಗಸರೆಲ್ಲ ಹೋ ಎಂದು ನಕ್ಕರು. ಬೀಫಾತಿಮಾರೂ ನಕ್ಕರು, ನಗುತ್ತಲೇ ಹದಿನೈದು ಮುಗಿಸಿದರು. ಹದಿನಾರು, ಹದಿನೇಳು. ಕೊನೆಯ ಸುತ್ತಿಗೆ ಮೈಮೂನಮ್ಮ ಜಗಲಿಯಿಂದ ಇಳಿದು ಅವರ ಜೊತೆ ಸೇರಿದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಗೆರೆ ದಾಟುವಾಗ ಮೂವತ್ತೊಂದು ಹೆಂಗಸರು ನಡೆಯುತ್ತಿದ್ದರು. ನಾನು ಉಸಿರಿದ್ದಷ್ಟು ಉದ್ದ ವಿಸಿಲ್ ಊದಿದೆ. ಕಣ್ಣು ಮಂಜಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಿಝಾರ್ ಬಂದು ಉಮ್ಮನ ಎರಡೂ ಕೈ ಹಿಡಿದುಕೊಂಡ. ಅಲ್ಲೇ ನಿಂತು ಅಬ್ದುಲ್ಲನಿಗೆ ಫೋನ್ ಮಾಡಿ, “ಬೇಡ ಮಾರಾಯ, ಉಮ್ಮ ಬರ್ತಾರೆ” ಎಂದ. ಆಮೇಲೆ ನನ್ನ ಕಡೆ ತಿರುಗಿ, ಇನ್ನು ಹಜ್ಜಿಗೆ ಹೊರಡುವ ತನಕ ಉಮ್ಮನಿಗೆ ಏನೇನು ಮಾಡಿಸಬೇಕೆಂದು ಬರೆದುಕೊಡಿ ಎಂದು ಕೇಳಿದ. ನಾನು ಇಬ್ಬರಿಗೂ ಸೇರಿಸಿ ಬರೆದುಕೊಟ್ಟೆ. ಅವನದ್ದು ಉಮ್ಮನದ್ದಕ್ಕಿಂತ ಉದ್ದವಾಯಿತು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನಾನು ಉಣ್ಣುತ್ತಿದ್ದಾಗ ಮಕ್ಕಾದಿಂದ ಫೋನ್ ಬಂತು. ಆ ಕಡೆ ಜನಜಂಗುಳಿಯ ಸದ್ದು, ಅದರ ಮೇಲೆ ಬೀಫಾತಿಮಾರ ಸ್ವರ.

“ಮಾಷ್ಟ್ರೆ, ಸಫಾ ಮರ್ವಾ ಏಳೂ ಆಯ್ತು. ನಡೆದೇ ಆಯ್ತು. ಗಾಲಿಕುರ್ಚಿ ತಳ್ಳುವವರು ಮೂರು ಸಲ ಹತ್ತಿರ ಬಂದು ಕೇಳಿದ್ರು, ಕೂತುಕೊಳ್ತೀರಾ ಅಂತ. ಬೇಡ ಅಂತ ಹೇಳ್ಲಿಕ್ಕೂ ನಾನು ನಿಲ್ಲಲಿಲ್ಲ.”